ಸ್ಟ್ರಟ್: ಎದೆಯುಬ್ಬಿಸಿ ನಡೆಯುವ ಒಂದು ಇಂಗ್ಲಿಷ್ ಪದ (ಪದೇ ಪದೇ ಕೇಳುವ ಪ್ರಶ್ನೆಗಳು)

ಒಂದು ಶನಿವಾರ ಬೆಳಿಗ್ಗೆ ಮೆಕ್ಯಾನಿಕ್ ನಮ್ಮ ಹಳೇ ಕಾರಿನ ಕೆಳಗಿನಿಂದ ಎದ್ದು ಬಂದು, "ಸಾರ್, ಮುಂದಿನ ಸ್ಟ್ರಟ್ ಹೋಗಿದೆ" ಎಂದರು. ಅದೇ ಸಂಜೆ ಮಗಳು ಇಂಗ್ಲಿಷ್ ಪಾಠ ಹಿಡಿದುಕೊಂಡು ಬಂದಳು. "ಅಪ್ಪಾ, ಹುಂಜ ಅಂಗಳದಲ್ಲಿ ಸ್ಟ್ರಟ್ ಮಾಡ್ತು ಅಂತ ಇದೆ. ಹಾಗಂದ್ರೆ ಏನು?" ಬೆಳಿಗ್ಗೆ ಕಬ್ಬಿಣದ ಒಂದು ಭಾಗವಾಗಿದ್ದ ಪದ ಸಂಜೆಗೆ ಕೋಳಿಯ ನಡಿಗೆ ಆಗಿತ್ತು. ಅವತ್ತಿನಿಂದ ಈ ಪದದ ಬೆನ್ನು ಹತ್ತಿದೆ. ಮಗಳು, ಅವಳ ಗೆಳತಿಯರು, ಆಫೀಸಿನವರು, ಮನೆಗೆ ಬಂದ ನೆಂಟರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಸ್ಟ್ರಟ್ ಎಂದರೆ ಏನು?

ಕ್ರಿಯಾಪದವಾಗಿ ಬಂದರೆ ಎದೆ ಉಬ್ಬಿಸಿ, ಕತ್ತು ನೆಟ್ಟಗೆ ಮಾಡಿ, ಎಲ್ಲರೂ ತನ್ನನ್ನೇ ನೋಡಲಿ ಎನ್ನುವ ಹಾಗೆ ಹೆಜ್ಜೆ ಹಾಕುವುದು. ನಾಮಪದವಾಗಿ ಎರಡು ಅರ್ಥ. ಒಂದು, ಅಂಥ ನಡಿಗೆ. ಇನ್ನೊಂದು, ಎರಡು ಭಾಗಗಳು ಒಂದರ ಮೇಲೊಂದು ಕುಸಿಯದ ಹಾಗೆ ನಡುವೆ ಗಟ್ಟಿಯಾಗಿ ನಿಲ್ಲುವ ಆಸರೆಗೋಲು. ಮರದ್ದಿರಬಹುದು, ಉಕ್ಕಿನದ್ದಿರಬಹುದು.

ಉಚ್ಚಾರ ಹೇಗೆ?

'ಕಟ್', 'ಬಟ್' ಇದ್ದ ಹಾಗೆ 'ಸ್ಟ್ರಟ್'. 'ಸ್ಟ್ರುಟ್' ಅಲ್ಲ. ಮೊದಲಲ್ಲಿ ಸ, ಟ, ರ ಮೂರೂ ಒಟ್ಟಿಗೆ ಬರುವುದರಿಂದ ನಮ್ಮಲ್ಲಿ ಕೆಲವರ ಬಾಯಲ್ಲಿ 'ಇಸ್ಟ್ರಟ್' ಆಗುತ್ತದೆ. ಸ್ವಲ್ಪ ಅಭ್ಯಾಸ ಮಾಡಿದರೆ ಸರಿಹೋಗುತ್ತದೆ.

ಇದು ಹೊಗಳಿಕೆಯೋ, ತೆಗಳಿಕೆಯೋ?

ಬಹಳ ಕಾಲ ತೆಗಳಿಕೆಯೇ ಆಗಿತ್ತು. ಒಳಗೆ ಏನೂ ಇಲ್ಲದಿದ್ದರೂ ಹೊರಗೆ ದೊಡ್ಡವನ ಹಾಗೆ ನಡೆಯುವವನಿಗೆ ಹೇಳುವ ಮಾತು. ಸುಮಾರು 1606ರ ಮ್ಯಾಕ್‌ಬೆತ್ ನಾಟಕದಲ್ಲಿ ಶೇಕ್ಸ್‌ಪಿಯರ್ ಬಳಸಿದ್ದು ಹಾಗೆಯೇ. ಹೆಂಡತಿ ಸತ್ತ ಸುದ್ದಿ ಬಂದಾಗ ಮ್ಯಾಕ್‌ಬೆತ್ ಬದುಕನ್ನು ಒಬ್ಬ ಬಡಪಾಯಿ ನಟನಿಗೆ ಹೋಲಿಸುತ್ತಾನೆ. ಆ ನಟ ರಂಗದ ಮೇಲೆ ತನ್ನ ಒಂದು ಗಳಿಗೆ ಬೀಗಿ ನಡೆಯುತ್ತಾನೆ, ಚಡಪಡಿಸುತ್ತಾನೆ, ಆಮೇಲೆ ಅವನ ದನಿ ಕೇಳಿಸುವುದೇ ಇಲ್ಲ. ಆ 'ಬೀಗಿ ನಡೆಯುವುದು' ಎನ್ನುವ ಜಾಗದಲ್ಲಿ ಇರುವುದು ಸ್ಟ್ರಟ್.

ಈಗ ಹಾಗಿಲ್ಲ. ಫ್ಯಾಷನ್ ಷೋನಲ್ಲಿ ಮಾಡೆಲ್‌ಗಳ ನಡಿಗೆಗೆ, ಗೆದ್ದ ಆಟಗಾರ್ತಿಯ ನಡಿಗೆಗೆ ಮೆಚ್ಚಿ ಹೇಳುವುದೂ ಉಂಟು. ಯಾರು ಯಾರ ಬಗ್ಗೆ ಹೇಳುತ್ತಿದ್ದಾರೆ ಎಂದು ನೋಡಿಕೊಳ್ಳಬೇಕು. ನಿಮ್ಮ ಬಾಸ್ ಬಗ್ಗೆ ಇಮೇಲ್‌ನಲ್ಲಿ ಮಾತ್ರ ಬರೆಯಬೇಡಿ.

ಪದ ಹುಟ್ಟಿದ್ದು ಎಲ್ಲಿ?

ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು. ಉತ್ತರದಲ್ಲಿ ಎಂಟು ಜನ ಕಳ್ಳರಿದ್ದಾರೆ.

ಇಂಗ್ಲೆಂಡಿನ ಪೂರ್ವ ಭಾಗದಲ್ಲಿ ಎಡ್ಮಂಡ್ ಎಂಬ ರಾಜನಿದ್ದ. 869ರಲ್ಲಿ, ಡೆನ್ಮಾರ್ಕಿನ ಕಡೆಯಿಂದ ದಂಡೆತ್ತಿ ಬಂದ ಡೇನರು ಅವನನ್ನು ಕೊಂದರು. ಜನ ಅವನನ್ನು ಸಂತನೆಂದು ನಂಬಿದರು. ಅವನ ಸಮಾಧಿಯ ಮೇಲೆ ಚರ್ಚು ಎದ್ದಿತು, ಬೆಳ್ಳಿ ಬಂಗಾರದ ಕಾಣಿಕೆ ಸೇರಿತು. ನೂರಿಪ್ಪತ್ತು ವರ್ಷಗಳ ನಂತರ, 990ರ ದಶಕದಲ್ಲಿ, ಆಲ್ಫ್ರಿಕ್ ಎಂಬ ಸನ್ಯಾಸಿ ಆ ಸಂತನ ಕಥೆಯನ್ನು ಹಳೆಯ ಇಂಗ್ಲಿಷಿನಲ್ಲಿ ಬರೆದ.

ಅವನು ಹೇಳುವುದು ಹೀಗೆ. ಒಂದು ರಾತ್ರಿ ಎಂಟು ಕಳ್ಳರು ಚರ್ಚಿಗೆ ನುಗ್ಗಲು ಬಂದರು. ಒಬ್ಬ ಸುತ್ತಿಗೆಯಿಂದ ಚಿಲಕಕ್ಕೆ ಹೊಡೆಯುತ್ತಿದ್ದ. ಒಬ್ಬ ಅರದಿಂದ ತಿಕ್ಕುತ್ತಿದ್ದ. ಇನ್ನೊಬ್ಬ ಬಾಗಿಲ ಕೆಳಗೆ ಗುದ್ದಲಿ ಹಾಕಿ ಅಗೆಯುತ್ತಿದ್ದ. ಮತ್ತೊಬ್ಬ ಏಣಿ ಹತ್ತಿ ಕಿಟಕಿಗೆ ಕೈ ಹಾಕಿದ್ದ. ಸಂತ ಅವರನ್ನು ಇದ್ದಲ್ಲೇ ಕಟ್ಟಿ ಹಾಕಿದ. ಹತ್ಯಾರ ಕೈಯಲ್ಲಿ ಹಿಡಿದವರು ಹಿಡಿದ ಹಾಗೆಯೇ ನಿಂತುಬಿಟ್ಟರು. ಅತ್ತ ಕೆಲಸವೂ ಸಾಗಲಿಲ್ಲ, ಇತ್ತ ಓಡಿಹೋಗಲೂ ಆಗಲಿಲ್ಲ. ಬೆಳಗಾಗುವವರೆಗೂ ಅದೇ ಭಂಗಿ. ಏಣಿಯ ಮೇಲಿದ್ದವನು ಏಣಿಯ ಮೇಲೆ, ಗುಂಡಿಯಲ್ಲಿ ಬಗ್ಗಿದವನು ಗುಂಡಿಯಲ್ಲಿ.

ಆ ಸಾಲಿನಲ್ಲಿ, ಹತ್ಯಾರ ಹಿಡಿದು ನಿಂತ ಕಳ್ಳರಿಗೆ ಆಲ್ಫ್ರಿಕ್ ಹಾಕಿದ ಪದ 'ಸ್ಟ್ರೂಟಿಗೆಂದೆ'. ಈಗಿನ ಸ್ಟ್ರಟ್‌ನ ಮುತ್ತಜ್ಜ ಅದು. ಓದುವವರಲ್ಲಿ ಕೆಲವರು ಅದನ್ನು 'ಸೆಟೆದು ನಿಂತ' ಎಂದು, ಕೆಲವರು 'ಹೆಣಗಾಡುತ್ತಿದ್ದ' ಎಂದು ಅರ್ಥ ಮಾಡುತ್ತಾರೆ. ಎರಡೂ ಆ ಚಿತ್ರಕ್ಕೆ ಕೂಡಿಕೊಳ್ಳುತ್ತವೆ. ಬಿಡಿಸಿಕೊಳ್ಳಲು ಹೆಣಗುವವನ ಮೈ ಬಿಗಿದೇ ಇರುತ್ತದೆ ಅಲ್ವಾ?

ಕಥೆಯ ಕೊನೆ ಸಂತೋಷದ್ದಲ್ಲ. ಬಿಷಪ್ ಅವರೆಲ್ಲರನ್ನೂ ನೇಣಿಗೆ ಹಾಕಿಸಿದ. ಆಮೇಲೆ ಜೀವನವಿಡೀ ಅದಕ್ಕಾಗಿ ನೊಂದುಕೊಂಡ ಎಂದು ಆಲ್ಫ್ರಿಕ್ ಬರೆಯುತ್ತಾನೆ.

ನಿಂತಲ್ಲೇ ನಿಂತವರ ಪದ ನಡೆಯುವವರಿಗೆ ಹೇಗೆ ಬಂತು?

ನಿಧಾನವಾಗಿ, ನಡುವೆ 'ಉಬ್ಬು' ಎನ್ನುವ ಅರ್ಥವನ್ನು ಹಾದು ಬಂತು. ಸೆಟೆದದ್ದು ಹೊರಕ್ಕೆ ಚಾಚುತ್ತದೆ. ಚಾಚಿದ್ದು ಉಬ್ಬಿದ ಹಾಗೆ ಕಾಣುತ್ತದೆ. 14ನೇ ಶತಮಾನದ ಕೊನೆಯ ಹೊತ್ತಿಗೆ ಚಾಸರ್ ಕವಿ ಈ ಪದವನ್ನು ಕೂದಲಿಗೆ ಬಳಸಿದ. ಅವನ ಗಿರಣಿಯವನ ಕಥೆಯಲ್ಲಿ ಅಬ್ಸಲನ್ ಎಂಬ ಶೋಕಿಲಾಲ ಬರುತ್ತಾನೆ. ಬಂಗಾರದ ಬಣ್ಣದ ಅವನ ಗುಂಗುರು ಕೂದಲು ಅಗಲವಾದ ಬೀಸಣಿಗೆಯ ಹಾಗೆ ಹರಡಿ ನಿಂತಿತ್ತು ಎನ್ನುವಲ್ಲಿ ಈ ಪದ ಇದೆ. ಆ ಕಾಲದಲ್ಲಿ ಧಾನ್ಯ ಕೇರುವ ಮೊರಕ್ಕೂ ಬೀಸಣಿಗೆಗೂ ಇಂಗ್ಲಿಷಿನಲ್ಲಿ ಒಂದೇ ಹೆಸರು. ನನಗಂತೂ ಮೊರ ಎಂದು ಓದುವುದೇ ಚೆನ್ನ. ಕಿವಿಯ ಎರಡೂ ಕಡೆ ಮೊರ ಕಟ್ಟಿಕೊಂಡ ಹಾಗಿರುವ ತಲೆ ಕಣ್ಣ ಮುಂದೆ ಬರುತ್ತದೆ.

ಹೊಟ್ಟೆಗೂ ಇದೇ ಪದ ಬಂತು. ಹಾಲು ತುಂಬಿ ಬಿಗಿದುಕೊಂಡ ಕೆಚ್ಚಲಿಗೂ ಬಂತು. 17ನೇ ಶತಮಾನದ ಇಂಗ್ಲಿಷ್ ಕವಿತೆಗಳಲ್ಲಿ ಇಂಥ ಕೆಚ್ಚಲುಗಳು ಸಿಗುತ್ತವೆ. ಅಷ್ಟರಲ್ಲಿ ಮನುಷ್ಯರ ಸೊಕ್ಕಿಗೂ ಅಂಟಿಕೊಂಡಿತ್ತು. ಮೊದಲು ಬರೀ ನಿಲುವಿಗೆ, ಮುಖಭಾವಕ್ಕೆ. 'ನಡೆಯುವುದು' ಎನ್ನುವ ಅರ್ಥ ಬರಹದಲ್ಲಿ ಕಾಣಿಸುವುದು 1510ರ ದಶಕದಿಂದ ಈಚೆಗೆ. ಅಂದರೆ ಪದಕ್ಕೆ ಐನೂರು ವರ್ಷ ತುಂಬಿದ ಮೇಲೆ ಕಾಲು ಬಂತು.

ಹಾಗಾಗಿಯೇ ಇದನ್ನು ನಡಿಗೆಯ ಪದ ಎಂದು ಕಲಿಸುವುದು ಅರ್ಧ ಮಾತ್ರ ಸರಿ. ಬುಡದಲ್ಲಿ ಇದು ಬಿಗಿತದ ಪದ.

ಸ್ಪೆಲ್ಲಿಂಗ್ ಯಾಕೆ ಬದಲಾಯಿತು?

ಹಳೆಯ ರೂಪದಲ್ಲಿ ದೀರ್ಘ 'ಊ' ಇತ್ತು. ಅಂಥ 'ಊ' ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ 'ಔ' ಆಗಿದೆ. ಹಳೆಯ 'ಹೂಸ್' ಈಗ 'ಹೌಸ್', ಹಳೆಯ 'ಮೂಸ್' ಈಗ 'ಮೌಸ್'. ಅದೇ ದಾರಿಯಲ್ಲಿ ಹೋಗಿದ್ದರೆ ನಾವು ಇವತ್ತು 'ಸ್ಟ್ರೌಟ್' ಎನ್ನಬೇಕಿತ್ತು. ಈ ಪದ ಆ ದಾರಿ ಬಿಟ್ಟು ಸ್ವರವನ್ನು ಗಿಡ್ಡ ಮಾಡಿಕೊಂಡಿತು.

ಇದಕ್ಕೆ ನೆಂಟರು ಯಾರಾದರೂ ಇದ್ದಾರಾ?

ಜರ್ಮನ್ ಭಾಷೆಯ 'ಸ್ಟ್ರೋಟ್ಸೆನ್' ಹತ್ತಿರದ ನೆಂಟ. ತುಂಬಿ ತುಳುಕು, ಉಬ್ಬು ಎಂದು ಅರ್ಥ. ಇನ್ನೂ ಹಿಂದೆ ಹೋದರೆ, 'ಸೆಟೆದ' ಎನ್ನುವ ಅರ್ಥದ ಒಂದು ಪುರಾತನ ಧಾತುವಿಗೆ ಇದನ್ನು ಭಾಷಾತಜ್ಞರು ಸೇರಿಸುತ್ತಾರೆ. ಕಣ್ಣು ಕೀಲಿಸಿ ನೋಡುವ 'ಸ್ಟೇರ್', ಕೊಕ್ಕರೆಯ ಜಾತಿಯ 'ಸ್ಟಾರ್ಕ್', ಬಟ್ಟೆಗೆ ಹಾಕುವ 'ಸ್ಟಾರ್ಚ್' ಎಲ್ಲವನ್ನೂ ಅದೇ ಮನೆತನಕ್ಕೆ ಹಚ್ಚುತ್ತಾರೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ಪಂಚೆ ತಾನಾಗಿಯೇ ನಿಂತುಕೊಳ್ಳುತ್ತದಲ್ಲ, ಆ ಬಿಗಿತ.

ಕಾರಿನ ಸ್ಟ್ರಟ್ ಇದೇ ಪದವೇ?

ಹೌದು ಎನ್ನುವುದೇ ಹೆಚ್ಚು ನಂಬಬಹುದಾದ ಉತ್ತರ. ಆಸರೆಗೋಲು ಎನ್ನುವ ಅರ್ಥ 1580ರ ದಶಕದಿಂದ ಸಿಗುತ್ತದೆ. ಅದು ನೇರವಾಗಿ ಈ ಕ್ರಿಯಾಪದದಿಂದ ಬಂದಿರಬಹುದು, ಇಲ್ಲವೇ ಉತ್ತರ ಜರ್ಮನಿಯ ಕಡೆಯ ಒಂದು ನೆಂಟಪದದಿಂದ ಬಂದಿರಬಹುದು. ಅದಕ್ಕೂ 'ಸೆಟೆದ' ಎಂದೇ ಅರ್ಥ. ಹೇಗೆ ನೋಡಿದರೂ ಬಿಗಿತ ತಪ್ಪುವುದಿಲ್ಲ.

ಇಂಜಿನಿಯರ್‌ಗಳ ಮಾತಿನಲ್ಲಿ ಸ್ಟ್ರಟ್ ಎಂದರೆ ಎರಡೂ ತುದಿಯಿಂದ ಒತ್ತುವ ಭಾರವನ್ನು ತಡೆದುಕೊಳ್ಳುವ ಭಾಗ. ಹಗ್ಗ, ತಂತಿ ಎಳೆತವನ್ನು ತಡೆಯುತ್ತವೆ, ಒತ್ತಿದರೆ ಮುದುಡುತ್ತವೆ. 1903ರ ಡಿಸೆಂಬರ್ 17ರಂದು ರೈಟ್ ಸಹೋದರರು ಹಾರಿಸಿದ ವಿಮಾನದ ಚಿತ್ರ ನೋಡಿ. ಮೇಲೊಂದು, ಕೆಳಗೊಂದು ರೆಕ್ಕೆ. ನಡುವೆ ನೆಟ್ಟಗೆ ನಿಂತ ಮರದ ಕಡ್ಡಿಗಳೇ ಸ್ಟ್ರಟ್‌ಗಳು. ಅವುಗಳ ನಡುವೆ ಓರೆಯಾಗಿ ಬಿಗಿದ ತಂತಿಗಳು ಎಳೆತ ತಡೆಯುತ್ತವೆ. ನಮ್ಮ ತೋಟಗಳಲ್ಲಿ ಗೊನೆ ಭಾರಕ್ಕೆ ವಾಲಿದ ಬಾಳೆಗೆ ಕವೆಗೋಲು ಕೊಡುತ್ತೇವೆ. ಅದರ ಕೆಲಸವೂ ಇದೇ.

ಕಾರಿನದ್ದಕ್ಕೆ ಪೂರ್ತಿ ಹೆಸರು ಮ್ಯಾಕ್‌ಫರ್ಸನ್ ಸ್ಟ್ರಟ್. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಇಂಜಿನಿಯರ್ 1940ರ ದಶಕದಲ್ಲಿ ರೂಪಿಸಿದ್ದು. ಫೋರ್ಡ್ ಕಂಪನಿ 1950ರಲ್ಲಿ ಇಂಗ್ಲೆಂಡಿನಲ್ಲಿ ಬಿಟ್ಟ ಕಾನ್ಸಲ್, ಝೆಫರ್ ಕಾರುಗಳಿಂದ ಅದು ಹೆಸರಾಯಿತು. 1983ರಲ್ಲಿ ನಮ್ಮ ರಸ್ತೆಗೆ ಬಂದ ಮಾರುತಿ 800ರ ಮುಂದಿನ ಚಕ್ರಗಳಿಗೂ ಇದೇ ಜೋಡಣೆ.

ಸ್ಟ್ರಟ್ ಬೇರೆ, ಶಾಕ್ ಅಬ್ಸಾರ್ಬರ್ ಬೇರೆಯೇ?

ಬೇರೆ. ಶಾಕ್ ಅಬ್ಸಾರ್ಬರ್ ಸ್ಪ್ರಿಂಗಿನ ಕುಲುಕಾಟವನ್ನು ತಗ್ಗಿಸುತ್ತದೆ, ಅಷ್ಟೇ. ಸ್ಟ್ರಟ್‌ನ ಒಳಗೆ ಶಾಕ್ ಅಬ್ಸಾರ್ಬರ್ ಇರುತ್ತದೆ, ಸುತ್ತ ಸ್ಪ್ರಿಂಗ್ ಇರುತ್ತದೆ. ಜೊತೆಗೆ ಚಕ್ರವನ್ನು ಸರಿಯಾದ ನಿಲುವಿನಲ್ಲಿ ಹಿಡಿದಿಡುವ ಕೆಲಸವೂ ಅದರದ್ದೇ. ಹಾಗಾಗಿ ಅದನ್ನು ಬದಲಾಯಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ಒಂದು ಕಡೆಯದು ಹೋದರೆ ಎರಡೂ ಕಡೆ ಬದಲಾಯಿಸಿ ಎಂದು ಮೆಕ್ಯಾನಿಕ್ ಹೇಳುವುದಕ್ಕೂ ಕಾರಣ ಇದೆ. ಒಂದು ಹೊಸದು, ಒಂದು ಹಳೇದು ಇದ್ದರೆ ಗಾಡಿ ಎರಡೂ ಕಡೆ ಒಂದೇ ಸಮ ನಿಲ್ಲುವುದಿಲ್ಲ.

ಸಾಫ್ಟ್‌ವೇರ್‌ನವರು ಹೇಳುವ ಸ್ಟ್ರಟ್ಸ್ ಯಾವುದು?

ಬೆಂಗಳೂರಿನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಅಪಾಚೆ ಸ್ಟ್ರಟ್ಸ್ ಎನ್ನುವುದು ಜಾವಾ ಭಾಷೆಯಲ್ಲಿ ವೆಬ್ ಅಪ್ಲಿಕೇಷನ್ ಕಟ್ಟುವ ಚೌಕಟ್ಟು. 2000ದಲ್ಲಿ ಕ್ರೇಗ್ ಮೆಕ್ಲಾನಹನ್ ಅದನ್ನು ಅಪಾಚೆ ಸಂಸ್ಥೆಗೆ ಕೊಟ್ಟರು. ಹೆಸರು ಬಂದದ್ದು ಆಸರೆಗೋಲಿನ ಅರ್ಥದಿಂದ. ಕಟ್ಟಡವನ್ನು ಹೊತ್ತು ನಿಂತರೂ ಹೊರಗೆ ಕಾಣದ ಭಾಗ. 2017ರಲ್ಲಿ ಇದರ ಒಂದು ದೋಷವನ್ನು ಸರಿಪಡಿಸದೆ ಬಿಟ್ಟಿದ್ದರಿಂದ ಜನರ ಸಾಲದ ದಾಖಲೆ ಇಡುವ ಅಮೆರಿಕದ ಇಕ್ವಿಫ್ಯಾಕ್ಸ್ ಕಂಪನಿಯಲ್ಲಿದ್ದ ಸುಮಾರು 14.7 ಕೋಟಿ ಜನರ ಮಾಹಿತಿ ಕಳುವಾಯಿತು. ದೋಷ ತಿದ್ದಿದ ಹೊಸ ಆವೃತ್ತಿ ಅದಕ್ಕೂ ಮೊದಲೇ ಬಂದಿತ್ತು. ಆಸರೆಗೋಲು ಕಣ್ಣಿಗೆ ಬೀಳುವುದಿಲ್ಲ ಎಂದು ಅದನ್ನು ನೋಡಿಕೊಳ್ಳದೆ ಬಿಡಬಾರದು.

ಹಕ್ಕಿಗಳ ಬಗ್ಗೆ ಈ ಪದ ಇಷ್ಟೊಂದು ಯಾಕೆ ಬರುತ್ತದೆ?

ಪದದ ಮೂರೂ ಅರ್ಥ ಹಕ್ಕಿಯ ಮೈಯಲ್ಲಿ ಒಟ್ಟಿಗೆ ಕಾಣುವುದರಿಂದ. ಅಮೆರಿಕದ ಕಾಡು ಟರ್ಕಿ ಕೋಳಿಯನ್ನೇ ತೆಗೆದುಕೊಳ್ಳಿ. ವಸಂತಕಾಲದಲ್ಲಿ ಗಂಡು ಬಾಲವನ್ನು ಬೀಸಣಿಗೆಯ ಹಾಗೆ ಬಿಚ್ಚುತ್ತದೆ. ಮೈಗರಿ ಉಬ್ಬಿಸುತ್ತದೆ. ರೆಕ್ಕೆಯ ತುದಿ ನೆಲಕ್ಕೆ ಗೀರುವ ಹಾಗೆ ಇಳಿಬಿಟ್ಟು ಒಂದೊಂದೇ ಹೆಜ್ಜೆ ಇಡುತ್ತದೆ. ಸೆಟೆದದ್ದು, ಉಬ್ಬಿದ್ದು, ನಡೆದದ್ದು ಎಲ್ಲಾ ಬಂತು. ಅಲ್ಲಿನವರು ಈ ಸ್ಥಿತಿಗೇ ಸ್ಟ್ರಟ್ ಎನ್ನುತ್ತಾರೆ.

ಅಮೆರಿಕದ ಪಶ್ಚಿಮದ ಬಯಲಲ್ಲಿ ಸೇಜ್ ಗ್ರೌಸ್ ಎಂಬ ಹಕ್ಕಿ ಇದೆ. ವಸಂತ ಶುರುವಾಗುತ್ತಿದ್ದಂತೆ ನಸುಕಿನಲ್ಲಿ ಗಂಡುಗಳು ಒಂದು ಬಯಲಿಗೆ ಬಂದು ಸೇರುತ್ತವೆ. ಎದೆಯ ಮೇಲಿನ ಎರಡು ಹಳದಿ ಚೀಲಗಳಿಗೆ ಗಾಳಿ ತುಂಬಿಕೊಂಡು ವಿಚಿತ್ರ ಸದ್ದು ಮಾಡುತ್ತಾ ಓಡಾಡುತ್ತವೆ. ಹೆಣ್ಣುಗಳು ಸುಮ್ನೆ ನೋಡಿ ತಮಗೆ ಬೇಕಾದವನನ್ನು ಆರಿಸಿಕೊಳ್ಳುತ್ತವೆ. ಆ ಬಯಲಿಗೆ ಸ್ಟ್ರಟ್ ಮಾಡುವ ಜಾಗ ಎಂದೇ ಹೆಸರು. ಅದು ಜಂಬ ಎನ್ನುವುದು ನಮ್ಮ ಮಾತು. ಆ ಗಂಡಿಗೆ ಅದು ವಂಶದ ಪ್ರಶ್ನೆ.

'ಸ್ಟ್ರಟ್ ಯುವರ್ ಸ್ಟಫ್' ಎನ್ನುತ್ತಾರಲ್ಲ, ಅದು?

ನಿನ್ನಲ್ಲಿ ಏನಿದೆಯೋ ಅದನ್ನು ಧೈರ್ಯವಾಗಿ ತೋರಿಸು ಎಂದು ಅರ್ಥ. 1920ರ ದಶಕದಲ್ಲಿ ಆಫ್ರಿಕನ್ ಅಮೆರಿಕನ್ನರ ಮಾತಿನಿಂದ ಬಂದದ್ದು. ಅದಕ್ಕೂ ಮೊದಲೇ, 1900ರ ಆಸುಪಾಸು, ಸ್ಟ್ರಟ್ ಎನ್ನುವುದು ಅಲ್ಲಿ ಒಂದು ಕುಣಿತದ ಹೆಸರಾಗಿತ್ತು.

ಇದರ ಹಿಂದೆ ಕೇಕ್‌ವಾಕ್ ಎಂಬ ಕುಣಿತದ ಕಥೆ ಇದೆ. ಅಮೆರಿಕದ ದಕ್ಷಿಣದ ತೋಟಗಳಲ್ಲಿ ಗುಲಾಮರಾಗಿ ದುಡಿಯುತ್ತಿದ್ದವರು ಬಿಳಿಯ ಧಣಿಗಳ ಬಿಗುಮಾನದ ಕುಣಿತವನ್ನು ನೋಡಿದ್ದರು. ತಮ್ಮ ಬಿಡುವಿನಲ್ಲಿ ಅದೇ ನಡಿಗೆಯನ್ನು ಇನ್ನಷ್ಟು ಹಿಗ್ಗಿಸಿ, ಬೆನ್ನು ಹಿಂದಕ್ಕೆ ಬಾಗಿಸಿ, ಕಾಲು ಎತ್ತೆತ್ತಿ ಹಾಕಿ ಕುಣಿದು ಅಣಕಿಸಿದರು. ಚೆನ್ನಾಗಿ ನಡೆದ ಜೋಡಿಗೆ ಕೇಕು ಬಹುಮಾನ. ಧಣಿಗಳು ನೋಡಿ ನಕ್ಕರು, ಅಣಕ ತಮ್ಮದೇ ಎಂದು ಅನೇಕರಿಗೆ ಹೊಳೆಯಲೂ ಇಲ್ಲ. 1890ರ ದಶಕದಲ್ಲಿ ಅದೇ ಕುಣಿತ ಊರೂರಿನ ರಂಗಮಂದಿರಗಳಿಗೆ ಹಬ್ಬಿತು.

ಈ ಪದ ಹೊಗಳಿಕೆಯಾಗಿ ತಿರುಗಿದ್ದು ಇವರ ಕೈಯಲ್ಲಿ ಎಂದು ನನ್ನ ನಂಬಿಕೆ. ತಲೆ ತಗ್ಗಿಸಿ ನಡೆ ಎಂದು ಹೊಡೆದು ಕಲಿಸಿದವರ ಮುಂದೆ ತಲೆ ಎತ್ತಿ ನಡೆಯುವುದು ಜಂಬ ಆಗುವುದಿಲ್ಲ. 1927ರ ಡಿಸೆಂಬರಿನಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಶಿಕಾಗೋದಲ್ಲಿ ಧ್ವನಿಮುದ್ರಿಸಿದ ಒಂದು ಪ್ರಸಿದ್ಧ ಜಾಝ್ ರಚನೆಯ ಹೆಸರಿನಲ್ಲೂ ಈ ಪದ ಇದೆ. ಕೇಳಿದರೆ ಅಲ್ಲಿ ತೆಗಳಿಕೆಯ ನೆರಳೂ ಇಲ್ಲ.

ಸ್ವ್ಯಾಗರ್‌ಗೂ ಇದಕ್ಕೂ ಏನು ವ್ಯತ್ಯಾಸ?

ಸ್ಟ್ರಟ್‌ನಲ್ಲಿ ಮೈ ನೆಟ್ಟಗೆ, ಬಿಗಿ. ಸ್ವ್ಯಾಗರ್‌ನಲ್ಲಿ ಮೈ ಸಡಿಲ, ಭುಜ ಅತ್ತಿತ್ತ ತೂಗುತ್ತದೆ. ಅದು ಹುಟ್ಟಿದ್ದೇ 'ತೂಗಾಡು' ಎನ್ನುವ ಪದದಿಂದ. ಹುಂಜ ಸ್ಟ್ರಟ್ ಮಾಡುತ್ತದೆ, ಪೇಟೆಯ ರೌಡಿ ಸ್ವ್ಯಾಗರ್ ಮಾಡುತ್ತಾನೆ. ಇನ್ನು ಸಶೇ ಎನ್ನುವುದು ಫ್ರೆಂಚರ ಒಂದು ಕುಣಿತದ ಹೆಜ್ಜೆಯ ಹೆಸರು ಅಮೆರಿಕದಲ್ಲಿ ತಿರುಚಿಕೊಂಡು ಆದದ್ದು. ಬಳುಕುತ್ತಾ ನಡೆಯುವುದಕ್ಕೆ ಹೇಳುತ್ತಾರೆ. ಪ್ರಾನ್ಸ್ ಎನ್ನುವ ಪದ ಕಾಲೆತ್ತಿ ಕುಣಿಯುತ್ತಾ ನಡೆಯುವ ಕುದುರೆಯದು.

ಕನ್ನಡದಲ್ಲಿ ಏನನ್ನಬೇಕು?

ಇಲ್ಲಿಗೆ ಬಂದಾಗ ನನಗೆ ನಿಜಕ್ಕೂ ಖುಷಿಯಾಯಿತು. ಇಂಗ್ಲಿಷ್ ನಡೆದ ದಾರಿಯಲ್ಲೇ ಕನ್ನಡವೂ ತಾನಾಗಿ ನಡೆದಿದೆ. 'ಬೀಗು' ಎಂದರೆ ಊದಿಕೊಳ್ಳುವುದು, ಹೆಮ್ಮೆಪಡುವುದು ಎರಡೂ. 'ಉಬ್ಬು' ಕೂಡ ಹಾಗೆಯೇ. ಹಿಟ್ಟೂ ಉಬ್ಬುತ್ತದೆ, ಹೊಗಳಿದರೆ ಮನುಷ್ಯನೂ ಉಬ್ಬುತ್ತಾನೆ. 'ಹಿಗ್ಗು' ಮಾತ್ರ ಒಳ್ಳೆಯ ಕಡೆ ಹೋಯಿತು, ಅದರಲ್ಲಿ ಸೊಕ್ಕಿಲ್ಲ. 'ಬಿಗುಮಾನ'ದಲ್ಲಿ ಬಿಗಿಯೂ ಇದೆ, ಮಾನವೂ ಇದೆ. 'ಸೆಟೆದುಕೊಂಡು ಹೋದ' ಎಂದರೆ ಆಲ್ಫ್ರಿಕ್‌ನ ಕಳ್ಳರಿಂದ ಹಿಡಿದು ಇವತ್ತಿನ ಜಂಬಗಾರನವರೆಗೆ ಎಲ್ಲರೂ ಒಳಗೆ ಬಂದರು.

ಹಾಗಾಗಿ ಒಂದೇ ಪದ ಹುಡುಕಬೇಡಿ, ಸಂದರ್ಭ ನೋಡಿ. ತೆಗಳಿಕೆ ಇದ್ದರೆ 'ಬೀಗುತ್ತಾ ನಡೆದ', 'ಸೆಟೆದು ನಡೆದ', 'ಜಂಬದಿಂದ ಹೆಜ್ಜೆ ಹಾಕಿದ'. ಮೆಚ್ಚುಗೆ ಇದ್ದರೆ 'ಗತ್ತಿನಿಂದ ನಡೆದಳು', 'ಠೀವಿಯಿಂದ ನಡೆದಳು'. ಮಗಳ ಪಾಠದ ಹುಂಜಕ್ಕೆ ನಾನು ಯೋಚಿಸಬೇಕಾಗಿಯೇ ಬರಲಿಲ್ಲ. 'ಜಂಬದ ಕೋಳಿ' ಎನ್ನುವ ಮಾತು ನಮ್ಮಲ್ಲೇ ಇದೆಯಲ್ಲ.

ದಸರಾ ಆನೆಗಳ ನಡಿಗೆಗೆ ಸ್ಟ್ರಟ್ ಎನ್ನಬಹುದೇ?

ಬೇಡ. ಜಂಬೂ ಸವಾರಿಯಲ್ಲಿ ಸುಮಾರು 750 ಕಿಲೋ ತೂಕದ ಅಂಬಾರಿ ಹೊತ್ತು ಬರುವ ಆನೆ ಎದೆ ಉಬ್ಬಿಸುವುದಿಲ್ಲ, ಸೆಟೆಯುವುದಿಲ್ಲ. ಅದರ ನಡಿಗೆ ನಿಧಾನ, ತೂಕದ್ದು. ನಮ್ಮ ಪತ್ರಿಕೆಗಳು ಬರೆಯುವ 'ಗಾಂಭೀರ್ಯ'ವೇ ಅದಕ್ಕೆ ಸರಿ. ಇಂಗ್ಲಿಷಿನಲ್ಲಿ ಬರೆಯುವವರು ಇಲ್ಲಿ ಸ್ಟ್ರಟ್ ಹಾಕಿದರೆ ಆನೆಯನ್ನು ಹುಂಜ ಮಾಡಿದ ಹಾಗಾಗುತ್ತದೆ.

ಮಕ್ಕಳಿಗೆ ಎರಡೂ ಅರ್ಥವನ್ನು ಒಟ್ಟಿಗೆ ಹೇಗೆ ಹೇಳಿಕೊಡುವುದು?

ನಾನು ಮಾಡಿದ್ದು ಇಷ್ಟು. ಒಂದು ಅಡಿ ಸ್ಕೇಲು, ಒಂದು ತುಂಡು ದಾರ ತೆಗೆದುಕೊಂಡೆ. ಸ್ಕೇಲಿನ ಎರಡು ತುದಿಯನ್ನು ಎರಡು ಅಂಗೈ ನಡುವೆ ಇಟ್ಟು ಮೆಲ್ಲಗೆ ಒತ್ತು ಎಂದೆ. ಸ್ಕೇಲು ಬಗ್ಗಲಿಲ್ಲ. ದಾರವನ್ನು ಹಾಗೆಯೇ ಒತ್ತು ಎಂದೆ. ಮುದುಡಿ ಬಿತ್ತು. ಒತ್ತಿದರೂ ಮುದುಡದೆ ಸೆಟೆದು ನಿಂತದ್ದು ಕಾರಿನ ಸ್ಟ್ರಟ್ ಎಂದೆ. ಆಮೇಲೆ ಆ ಸ್ಕೇಲನ್ನು ಬೆನ್ನ ಹಿಂದೆ ಅಂಗಿಯೊಳಗೆ ನೆಟ್ಟಗೆ ಸಿಕ್ಕಿಸಿ, ಹಾಲ್‌ನ ಆ ತುದಿಯಿಂದ ಈ ತುದಿಗೆ ನಡೆದು ಬಾ ಎಂದೆ. ಬೆನ್ನು ಬಗ್ಗಿಸಲು ಆಗದೆ, ಎದೆ ಮುಂದೆ ಮಾಡಿ, ಗಲ್ಲ ಎತ್ತಿ ನಡೆದು ಬಂದಳು. ಅಡುಗೆಮನೆಯಿಂದ ಅವಳ ಅಜ್ಜಿ ನೋಡಿ, "ಇದೇನೇ, ಜಂಬದ ಕೋಳಿ ಥರ!" ಎಂದರು.